ರೇಡಿಯೋ ಅಯೋಡಿನ್ ಹಿಡೀತಿಲ್ಲ ಅಂದ್ರು, ಅಮ್ಮನಿಗೆ ಮುಂದೆ ಯಾವ ಮಾತ್ರೆ?

ಬಿಸಿಲುಮಳೆ:
ನಮಸ್ಕಾರ ಎಲ್ರಿಗೂ. ಅಮ್ಮನಿಗೆ ಪ್ಯಾಪಿಲರಿ ಥೈರಾಯ್ಡ್ ಕ್ಯಾನ್ಸರ್, ಆಪರೇಶನ್ ಆಗಿದೆ, ರೇಡಿಯೋ ಅಯೋಡಿನ್ನೂ (ಥೈರಾಯ್ಡ್ ಜೀವಕೋಶ ಹೀರ್ಕೊಂಡು ಸಾಯೋ ವಿಕಿರಣ ಔಷಧಿ) ಕೊಟ್ಟಿದಾರೆ. ಈಗ ಸಿಟಿ ಸ್ಕ್ಯಾನಲ್ಲಿ ಶ್ವಾಸಕೋಶದಲ್ಲಿ ಸಣ್ಣ ಸಣ್ಣ ಗಂಟು ಕಾಣ್ತಿದೆ ಆದ್ರೆ ಅಯೋಡಿನ್ ಸ್ಕ್ಯಾನಲ್ಲಿ ಏನೂ ಇಲ್ಲ, ರಕ್ತದಲ್ಲಿ ಥೈರೋಗ್ಲೋಬ್ಯುಲಿನ್ (ಈ ಕ್ಯಾನ್ಸರ್ ಉಳಿದಿದ್ಯಾ ಅಂತ ನೋಡೋ ಟೆಸ್ಟ್) ಮಾತ್ರ ಏರ್ತಾನೇ ಇದೆ. ಇನ್ಮೇಲೆ ಅಯೋಡಿನ್ ಕೊಟ್ಟು ಉಪಯೋಗ ಇಲ್ಲ ಅಂತ ಹೇಳಿ ಲೆನ್ವಾಟಿನಿಬ್ ಅನ್ನೋ ಕ್ಯಾನ್ಸರ್ ಮಾತ್ರೆ ಹೆಸರು ಹೇಳಿದ್ರು, ಆಮೇಲೆ "ಸದ್ಯ ಕಾದು ನೋಡೋಣ" ಅಂದ್ರು. ಅಮ್ಮ ಆರಾಮಾಗಿದಾರೆ, ಕೆಮ್ಮೂ ಇಲ್ಲ. ಕಾಯೋದು ಸರೀನಾ? ಬೇರೆ ಮಾತ್ರೆ ಏನಾದ್ರೂ ಇದ್ಯಾ?

ಹಳೇಫೈಲು:
ಕಾಯೋದು ಅಂದ್ರೆ ಕೈಬಿಟ್ರು ಅಂತ ಅಲ್ಲಮ್ಮ. ಅಯೋಡಿನ್ ಹಿಡೀದಿದ್ರೂ ಕೆಲವ್ರಲ್ಲಿ ಈ ಗಂಟು ವರ್ಷಗಟ್ಟಲೆ ಹಾಗೇ ಇರತ್ತೆ. ಲೆನ್ವಾಟಿನಿಬ್ಬಿಗೆ 2015ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ ಆ ಸ್ಟಡಿ ಇದ್ಯಲ್ಲ, ಅದ್ರಲ್ಲಿ ಹಿಂದಿನ 13 ತಿಂಗಳೊಳಗೆ ಕಾಯಿಲೆ ಬೆಳೆದಿದೆ ಅಂತ ಸ್ಕ್ಯಾನಲ್ಲಿ ಕಂಡೋರನ್ನ ಮಾತ್ರ ತಗೊಂಡಿದ್ರು. ಅಂಥೋರಲ್ಲಿ ಕಾಯಿಲೆ ಮತ್ತೆ ಮುಂದುವರಿಯೋಕೆ ಹಿಡಿದ ಮಧ್ಯಮ ಅವಧಿ 18.3 ತಿಂಗಳು, ಬರೀ ಡಮ್ಮಿ ಮಾತ್ರೆ ತಗೊಂಡೋರಿಗೆ 3.6. ದೊಡ್ಡ ವ್ಯತ್ಯಾಸಾನೇ, ಆದ್ರೆ ಇದು ಹತೋಟಿಲಿ ಇಡೋ ಔಷಧಿ, ವಾಸಿ ಮಾಡೋದಲ್ಲ. ಸೊರಾಫೆನಿಬ್ ಅನ್ನೋ ಇನ್ನೊಂದು ಮಾತ್ರೆ 2013ರಲ್ಲೇ ಬಂತು, ಅದ್ರ ಸ್ಟಡೀಲಿ ಇದೇ ಅವಧಿ 10.8 ತಿಂಗಳು, ಡಮ್ಮಿ ಮಾತ್ರೆಗೆ 5.8. ಹಾಗಾಗಿ ಗಂಟು ಎಷ್ಟು ದೊಡ್ಡದು, ಎಷ್ಟು ಬೇಗ ದೊಡ್ಡದಾಗ್ತಿದೆ ಅನ್ನೋದನ್ನ ಎರಡು ಸಿಟಿ ಪಕ್ಕಪಕ್ಕ ಇಟ್ಟು ಕೇಳಿ. ಥೈರೋಗ್ಲೋಬ್ಯುಲಿನ್ ಒಂದನ್ನೇ ನೋಡ್ಕೊಂಡು ಸಾಮಾನ್ಯವಾಗಿ ಈ ಮಾತ್ರೆ ಶುರು ಮಾಡಲ್ಲ.

ಬಿಸಿಲುಮಳೆ:
ತುಂಬಾ ಥ್ಯಾಂಕ್ಸ್ ಸರ್. ಸೈಡ್ ಎಫೆಕ್ಟ್ ಜಾಸ್ತಿ ಅಂತಾರಲ್ಲ, ಅಮ್ಮನಿಗೆ ಬಿಪಿ ಬೇರೆ ಇದೆ

ತುಳಸಿಕಟ್ಟೆ:
ನಮ್ಮ ಯಜಮಾನ್ರು ಲೆನ್ವಾಟಿನಿಬ್ ತಗೋತಿದಾರೆ. ಮೊದ್ಲು ಏರೋದು ಬಿಪೀನೇ, ಅದಕ್ಕೇ ಶುರು ಮಾಡೋ ಮುಂಚೆ ಬಿಪಿ ಹತೋಟಿಗೆ ತರ್ಲೇಬೇಕು, ಮನೇಲೇ ಮೆಷಿನ್ ಇಟ್ಕೊಂಡು ಬರೆದಿಡಿ. ಮೂತ್ರದಲ್ಲಿ ಪ್ರೊಟೀನ್ ಹೋಗತ್ತೆ, ಟೆಸ್ಟ್ ಮಾಡಿಸ್ತಿರ್ತಾರೆ. ಭೇದಿ, ಸುಸ್ತು, ಬಾಯಿ ಹುಣ್ಣು, ಊಟ ಸೇರಲ್ಲ, ತೂಕ ಇಳಿಯತ್ತೆ. ಇವ್ರಿಗೆ ಅಂಗಾಲು ಕೆಂಪಾಗಿ ಉರಿ ಬಂದು ಚಪ್ಪಲಿ ಹಾಕೋಕೇ ಆಗ್ತಿರ್ಲಿಲ್ಲ, ಡಾಕ್ಟ್ರು ಸ್ವಲ್ಪ ದಿನ ನಿಲ್ಸಿ ಡೋಸ್ ಇಳಿಸಿದ್ಮೇಲೆ ತಡ್ಕೊಳೋ ಹಾಗಾಯ್ತು. 24 ಮಿಗ್ರಾಂ ಇಂದ ಶುರು ಮಾಡಿ ಬಹಳ ಜನಕ್ಕೆ ಇಳಿಸ್ಬೇಕಾಗತ್ತೆ, ಗಾಬರಿ ಬೀಳ್ಬೇಡಿ, ಆದ್ರೆ ನೀವೇ ಅರ್ಧ ಮಾಡಿ ಕೊಡೋದು ಬೇಡ. ಇನ್ನೊಂದು, ಹಲ್ಲಿನ ಕೆಲಸ ಏನಿದ್ರೂ ಮೊದ್ಲೇ ಮುಗಿಸಿ, ಮಾತ್ರೆ ಶುರುವಾದ್ಮೇಲೆ ಗಾಯ ಬೇಗ ಮಾಯಲ್ಲ. ಥೈರಾಕ್ಸಿನ್ (ಥೈರಾಯ್ಡ್ ಹಾರ್ಮೋನ್ ಮಾತ್ರೆ) ಅಂತೂ ಬಿಡೋ ಹಾಗೇ ಇಲ್ಲ, ಅದ್ರ ಡೋಸ್ ಸರಿಯಿದ್ಯಾ ಅಂತ ರಕ್ತದಲ್ಲಿ ಟಿಎಸ್‌ಎಚ್ ಪ್ರತಿ ತಿಂಗಳು ನೋಡ್ತಾರೆ.

ಹಳೇಫೈಲು:
ಮರೆತೆ, ಕಾಯೋ ಹೊತ್ತಲ್ಲಿ ಗಡ್ಡೆಯ ಜೀನ್ ಟೆಸ್ಟ್ ಮಾಡಿಸ್ಬಿಡಿ, ಜೀನಲ್ಲಿ ಯಾವ ಬದಲಾವಣೆ ಇದೆ ಅಂತ ಗೊತ್ತಾಗತ್ತೆ. ಆಪರೇಶನ್ ಮಾಡಿದಾಗಿನ ಪ್ಯಾರಾಫಿನ್ ಬ್ಲಾಕ್ (ಮೇಣದಲ್ಲಿ ಕೂಡಿಸಿಟ್ಟ ಗಡ್ಡೆಯ ತುಂಡು) ಲ್ಯಾಬಲ್ಲಿ ಇರತ್ತೆ, ಸಾಮಾನ್ಯವಾಗಿ ಅದೇ ಸಾಕು, ಮತ್ತೆ ಚುಚ್ಚೋದು ಬೇಡ. ಆರ್‌ಇಟಿ ಫ್ಯೂಶನ್ ಅನ್ನೋ ಜೀನ್ ಬದಲಾವಣೆ ಸಿಕ್ರೆ ಸೆಲ್ಪರ್ಕಾಟಿನಿಬ್, ಎನ್‌ಟಿಆರ್‌ಕೆ ಸಿಕ್ರೆ ಲಾರೊಟ್ರೆಕ್ಟಿನಿಬ್ ಇದೆ, ಇವು ಸಿಗೋದು ಅಪರೂಪ ಆದ್ರೆ ಸಿಕ್ಕಿದ್ರೆ ದಾರಿನೇ ಬೇರೆ. ಪ್ಯಾಪಿಲರೀಲಿ ಬಿಆರ್‌ಎಎಫ್ ವಿ600ಇ ಅನ್ನೋ ಬದಲಾವಣೆ ಸಾಮಾನ್ಯ, ಅದಕ್ಕೆ ಡಬ್ರಾಫೆನಿಬ್ ಜೊತೆ ಟ್ರಾಮೆಟಿನಿಬ್, ಅದನ್ನ ಹೆಚ್ಚಾಗಿ ಬೇರೆದು ಆದ್ಮೇಲೆ ಯೋಚಿಸ್ತಾರೆ. ಲೆನ್ವಾಟಿನಿಬ್ ಮೇಲೂ ಬೆಳೀತು ಅಂದ್ರೆ ಕ್ಯಾಬೊಜಾಂಟಿನಿಬ್, 2021ರಲ್ಲಿ ಒಪ್ಪಿಗೆ ಆಯ್ತು.

ಬಿಸಿಲುಮಳೆ:
ಬ್ಲಾಕ್ ವಿಷಯ ಯಾರೂ ಹೇಳಿರ್ಲಿಲ್ಲ. ನಾಳೆನೇ ಪ್ಯಾಥಾಲಜಿಗೆ ಫೋನ್ ಮಾಡ್ತೀನಿ, ಹಳೇ ಸಿಟಿ ಸಿಡೀನೂ ಹುಡುಕ್ತೀನಿ.