ಮಾರುತಿ 800ಕ್ಕೆ ಹೊಸ ಬ್ಲೂಟೂತ್ ಸ್ಟೀರಿಯೊ: ಹಳೆ ಸ್ಪೀಕರ್ ವೈರಿಂಗ್ ನಡೆಯುತ್ತಾ?

ಪ್ರಶ್ನೆ:
ಗಾಡಿ 1998ರ ಮಾರುತಿ 800. ಕ್ಯಾಸೆಟ್ ಪ್ಲೇಯರ್ ತೆಗೆದು ಸಿಂಗಲ್ ಡಿನ್ (ಒಂದು ಸಾಲಿನ ಮಾಮೂಲಿ ಅಳತೆಯ) ಬ್ಲೂಟೂತ್ ಸೆಟ್ ಹಾಕಬೇಕು. ಹಿಂದಿನ ಟ್ರೇನಲ್ಲಿ 4 ಓಮ್‌ನ ಎರಡು ಸ್ಪೀಕರ್ ಇವೆ. ಎರಡರ ಮೈನಸ್ಸೂ ಸೇರಿಸಿ ಬಾಡಿ ಸ್ಕ್ರೂಗೆ ಬಿಗಿದಿದ್ದಾರೆ. ಪ್ಲಸ್ ಮಾತ್ರ ಹೊಸ ಸೆಟ್‌ಗೆ ಕೊಟ್ಟು ಮೈನಸ್ ಹಾಗೇ ಬಿಟ್ಟರೆ ಆಗುತ್ತಾ? ಹೊಸ ಸೆಟ್‌ನ ಹಳದಿ, ಕೆಂಪು ವೈರ್ ಎರಡನ್ನೂ ಒಟ್ಟಿಗೆ ಸುತ್ತಿ ಬ್ಯಾಟರಿ ಲೈನ್‌ಗೆ ಕೊಡಬಹುದಾ?

ಉತ್ತರ 1:
ಮೈನಸ್ ಹಾಗೆ ಬಿಡಲೇಬೇಡಿ ಸರ್. ಹಳೆ ಪ್ಲೇಯರ್‌ಗಳಲ್ಲಿ ಸ್ಪೀಕರ್ ಮೈನಸ್ ಅಂದರೆ ಬಾಡಿ ಅರ್ತೇ. ಈಗಿನ ಸೆಟ್‌ಗಳಲ್ಲಿ ಪ್ಲಸ್, ಮೈನಸ್ ಎರಡನ್ನೂ ಆಂಪ್ಲಿಫೈಯರೇ ನಡೆಸುತ್ತೆ, ಹಾಡು ಇಲ್ಲದಿದ್ದರೂ ಎರಡರಲ್ಲೂ ಸುಮಾರು 6 ವೋಲ್ಟ್ ಇರುತ್ತೆ. ಒಂದು ಕಡೆ ಅರ್ತ್ ಆದರೆ ಸ್ಪೀಕರ್ ಕಾಯಿಲ್‌ನಲ್ಲಿ ಒಂದೂವರೆ ಆಂಪಿಯರ್ ಡಿಸಿ ಸುಮ್ಮನೆ ಹರಿಯುತ್ತೆ. ಪ್ರೊಟೆಕ್ಷನ್ ಇರುವ ಸೆಟ್ ಆದರೆ ಆಫ್ ಆಗುತ್ತೆ. ಇಲ್ಲದಿದ್ದರೆ ಸ್ಪೀಕರ್ ಕಾಯಿಲ್ಲೋ ಸೆಟ್‌ನ ಆಂಪ್ಲಿಫೈಯರ್ ಚಿಪ್ಪೋ (ಐಸಿ) ಸುಡುತ್ತೆ.

ಪ್ರತಿ ಸ್ಪೀಕರ್‌ಗೂ 1 ಸ್ಕ್ವೇರ್ ಎಂಎಂ ಜೋಡಿ ವೈರ್ ಹೊಸದಾಗಿ ಎಳೆಯಿರಿ. ಸಾಮಾನ್ಯವಾಗಿ ಹಿಂದಿನ ಎಡಕ್ಕೆ ಹಸಿರು, ಬಲಕ್ಕೆ ನೇರಳೆ, ಕಪ್ಪು ಗೆರೆ ಇರುವುದು ಮೈನಸ್. ಅಗ್ಗದ ಸೆಟ್‌ಗಳಲ್ಲಿ ಬಣ್ಣ ಬದಲಾಗಿರುತ್ತೆ, ಸ್ಟಿಕರ್ ನೋಡಿಯೇ ಜೋಡಿಸಿ. ಬಳಸದ ಬಿಳಿ, ಬೂದು (ಮುಂದಿನ ಸ್ಪೀಕರ್‌ಗಳ) ವೈರ್‌ಗಳ ತುದಿಗೆ ಒಂದೊಂದಕ್ಕೂ ಬೇರೆ ಬೇರೆ ಟೇಪ್ ಸುತ್ತಿ.

ಉತ್ತರ 2:
ಎಲ್ಲಕ್ಕೂ ಮೊದಲು ಬ್ಯಾಟರಿ ಮೈನಸ್ ಕಳಚಿ, 10ರ ಸ್ಪ್ಯಾನರ್ ಸಾಕು. ಹಳದಿ ಯಾವಾಗಲೂ ಜೀವ ಇರುವ ಲೈನ್‌ಗೆ, ಕೆಂಪು ಕೀ ತಿರುಗಿಸಿದಾಗ ಮಾತ್ರ 12 ವೋಲ್ಟ್ ಬರುವ ಎಸಿಸಿ ಲೈನ್‌ಗೆ. ಎರಡನ್ನೂ ಸುತ್ತಿಬಿಟ್ಟರೆ ಕೀ ತೆಗೆದ ಮೇಲೂ ಸೆಟ್ ಎಚ್ಚರವಾಗಿಯೇ ಇರುತ್ತೆ. 0.3 ಆಂಪಿಯರ್ ಎಳೆದರೂ ದಿನಕ್ಕೆ 7 ಆಂಪಿಯರ್ ಅವರ್. ಈ ಗಾಡಿಯ ಚಿಕ್ಕ ಬ್ಯಾಟರಿ ಮೂರ್ನಾಲ್ಕು ದಿನ ನಿಂತರೆ ಸ್ಟಾರ್ಟರ್ ತಿರುಗಿಸಲ್ಲ. ಎರಡನ್ನೂ ಎಸಿಸಿಗೆ ಕೊಟ್ಟರೆ ಸ್ಟೇಷನ್, ಗಡಿಯಾರ ಪ್ರತಿಸಲ ಅಳಿಸಿಹೋಗುತ್ತೆ. ಹಳದಿಗೆ 10 ಆಂಪಿಯರ್ ಫ್ಯೂಸ್ ಇರಲೇಬೇಕು, ಅದೂ ಕರೆಂಟ್ ತೆಗೆದುಕೊಳ್ಳುವ ಜಾಗದ ಹತ್ತಿರ.

ಪ್ರಶ್ನೆ ಕೇಳಿದವರು:
ಸ್ಕ್ರೂನಿಂದ ಮೈನಸ್ ಬಿಚ್ಚಿದೆ. ಆದರೂ ಎಡ ಸ್ಪೀಕರ್‌ನ ಹಳೆ ವೈರ್‌ಗೂ ಬಾಡಿಗೂ ಮಲ್ಟಿಮೀಟರ್ ಬೀಪ್ ಅನ್ನುತ್ತೆ, ಅಂದರೆ ಎಲ್ಲೋ ಬಾಡಿಗೆ ತಾಗುತ್ತಿದೆ.

ಉತ್ತರ 1:
ಹಿಂಬದಿ ಸೀಟಿನ ಕೆಳಗೋ ಬಾಗಿಲ ಹೊಸ್ತಿಲ ಪಟ್ಟಿಯ ಸ್ಕ್ರೂ ಹತ್ತಿರವೋ ಸಿಪ್ಪೆ ಹರಿದಿರುತ್ತೆ. ಆ ವೈರ್ ಪೂರ್ತಿ ಬಿಡಿ, ಹೊಸದನ್ನು ಕಾರ್ಪೆಟ್ ಅಡಿಯಲ್ಲಿ ಸ್ಕ್ರೂಗಳಿಂದ ದೂರ ತನ್ನಿ. ಸೆಟ್‌ಗೆ ಕೊಡುವ ಮುಂಚೆ ನಾಲ್ಕೂ ತುದಿ ಬಾಡಿಗೆ ಹಿಡಿದು ನೋಡಿ, ಒಂದೂ ಬೀಪ್ ಅನ್ನಬಾರದು. ಜೋಡಿಯ ನಡುವೆ 3.2ರಿಂದ 3.8 ಓಮ್ ತೋರಿಸಿದರೆ ಸ್ಪೀಕರ್ ಸರಿ ಇದೆ.

ಉತ್ತರ 3:
ಆಕ್ಸಿಲರೇಟರ್ ಒತ್ತಿದಂತೆ ಕುಂಯ್ ಅನ್ನೋ ಸದ್ದು ಏರಿದರೆ ತಕ್ಷಣ ಸದ್ದು ತಡೆಯುವ ಫಿಲ್ಟರ್ ಕೊಳ್ಳಬೇಡಿ. ಹೆಚ್ಚಾಗಿ ಅರ್ತ್ ಸಡಿಲ ಇರುತ್ತೆ. ಸೆಟ್‌ನ ಕಪ್ಪು ವೈರ್‌ಗೆ ರಿಂಗ್ ಟರ್ಮಿನಲ್ ಹಾಕಿ, ಪೇಂಟ್ ಕೆರೆದ ಲೋಹಕ್ಕೆ ಬಿಗಿಯಿರಿ. ಎಲ್ಲ ಜಾಯಿಂಟ್‌ಗೂ ಬೆಸುಗೆ, ಮೇಲೆ ಹೀಟ್ ಶ್ರಿಂಕ್ ಸ್ಲೀವ್; ಬರೀ ಟೇಪ್ ಬಿಸಿಲಿಗೆ ಅಂಟು ಬಿಟ್ಟು ಜಾರುತ್ತೆ. ಸೆಟ್‌ನ ಹಿಂಭಾಗಕ್ಕೂ ಪಟ್ಟಿ ಹಾಕಿ ಆಧಾರ ಕೊಡಿ, ಇಲ್ಲದಿದ್ದರೆ ಹಂಪ್ ಹಾರಿದಾಗಲೆಲ್ಲ ಕೇಜ್ (ಸೆಟ್ ಕೂರುವ ತಗಡಿನ ಚೌಕಟ್ಟು) ಕಿವಿಗಳು ಸಡಿಲವಾಗಿ ಸೆಟ್ ಮುಂದೆ ಬರುತ್ತೆ.