ಓದುಗರ ಸ್ಪಂದನ: ಹತ್ತಿ ಹೊಲದಿಂದ ಬಂದ ಮಗುವಿಗೆ ಪಾಠ ಹತ್ತುವುದು ಹೇಗೆ?

ಕಳೆದ ಸಂಚಿಕೆಯ ಪ್ರಶ್ನೆ: ಲಿಂಗಸುಗೂರು ತಾಲ್ಲೂಕಿನ ಹಳ್ಳಿಯೊಂದರಲ್ಲಿ ಏಳನೇ ತರಗತಿಗೆ ಗಣಿತ, ಸಮಾಜ ಹೇಳುತ್ತೇನೆ. ಹತ್ತಿ ಬಿಡಿಸುವ ತಿಂಗಳುಗಳಲ್ಲಿ ಅರ್ಧ ಮಕ್ಕಳು ಬರುವುದಿಲ್ಲ. ಬಂದವರೂ ಬಿಸಿಯೂಟವಾದ ಮೇಲೆ ತೂಕಡಿಸುತ್ತಾರೆ. ಗದರಿದರೆ ಮಾರನೇ ದಿನ ಬರುವುದೇ ಇಲ್ಲ. ಏನು ಮಾಡಲಿ?

ಟೀಚರ್, ‘ಗದರಿದರೆ ಮಾರನೇ ದಿನ ಬರುವುದೇ ಇಲ್ಲ’ ಎಂಬ ಸಾಲು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನಾನೂ ಹಾಗೆ ಒಬ್ಬಳನ್ನು ಕಳೆದುಕೊಂಡವನು. ಹನ್ನೊಂದು ದಿನ ಬಿಟ್ಟು ಬಂದ ಹುಡುಗಿಯನ್ನು ಎಲ್ಲರ ಮುಂದೆ ನಿಲ್ಲಿಸಿ, ‘ಎಲ್ಲಿ ಹಾಳಾಗಿ ಹೋಗಿದ್ದಿ?’ ಎಂದೆ. ಅವಳು ಮಾತಾಡಲಿಲ್ಲ, ಕೈ ಹಿಂದಕ್ಕೆ ಕಟ್ಟಿಕೊಂಡಳು. ಹತ್ತಿಕಾಯಿಯ ಒಣ ಸಿಪ್ಪೆ ತರಚಿ ಬೆರಳ ತುದಿಗಳೆಲ್ಲ ಸೀಳಿದ್ದವು, ಪೆನ್ನು ಹಿಡಿಯಲು ಆಗುತ್ತಿರಲಿಲ್ಲ ಎಂದು ಆಮೇಲೆ ಗೆಳತಿ ಹೇಳಿದಳು. ಎರಡು ಸಲ ಮನೆಗೆ ಹೋದೆ. ಅವಳು ಮತ್ತೆ ಬರಲಿಲ್ಲ.

ಮರುವರ್ಷ ಹತ್ತಿ ಶುರುವಾದಾಗ ಪುಸ್ತಕದ ಲೆಕ್ಕ ಬದಿಗಿಟ್ಟು ಹೊಲದ ಲೆಕ್ಕ ಕೇಳಿದೆ. ಅವ್ವ ಬಿಡಿಸಿದ ಹತ್ತಿ 40 ಕೆಜಿ, ತೂಕ ಮಾಡುವಾಗ ಚೀಲ, ತೇವ ಅಂತ 2 ಕೆಜಿ ಮುರಿದುಕೊಂಡರು. ನೂರಕ್ಕೆ ಎಷ್ಟು ಹೋಯಿತು? ಶೇಕಡಾ ಅಂದರೆ ಮುಖ ತಿರುಗಿಸುತ್ತಿದ್ದ ಕೊನೇ ಸಾಲಿನ ಹುಡುಗ ತಾನೇ ಎದ್ದು ಬಂದು ಬೋರ್ಡಿನ ಮೇಲೆ 5 ಎಂದು ಬರೆದ. ಮರುದಿನ ಅವ್ವನ ಹದಿನೈದು ದಿನದ ಲೆಕ್ಕ ಬರೆದುಕೊಂಡು ಬಂದ.

ಮಕ್ಕಳು ಹೊಲದಲ್ಲಿ ದುಡಿಯಲಿ ಎನ್ನುತ್ತಿಲ್ಲ. 6ರಿಂದ 14 ವರ್ಷದ ಮಗುವಿಗೆ ಶಿಕ್ಷಣ ಹಕ್ಕೆಂದು 2009ರ ಕಾಯ್ದೆಯೇ ಹೇಳಿದೆ, ಅದಕ್ಕಾಗಿ ಪಾಲಕರ ಜೊತೆ ಜಗಳ ಆಡಿದರೂ ತಪ್ಪಿಲ್ಲ. ಆದರೆ ಆ ಜಗಳ ದೊಡ್ಡವರ ಜೊತೆ ಇರಲಿ, ಬಾಗಿಲಲ್ಲಿ ಬಂದು ನಿಂತ ಮಗುವಿನ ಜೊತೆ ಬೇಡ. ಇನ್ನು ತೂಕಡಿಕೆ: ಊಟವಾದ ಮೊದಲ ಪೀರಿಯಡ್‌ನಲ್ಲಿ ಓದಿಸಬೇಡಿ. ಟೇಪು ಕೊಟ್ಟು ವರಾಂಡ ಅಳೆಸಿ, ಬೇವಿನ ಮರದ ನೆರಳು ಅಳೆಸಿ.
— ನಿವೃತ್ತ ಶಿಕ್ಷಕ, ಸಿಂಧನೂರು

ಸಮಾಜದ ಪಾಠಕ್ಕೆ ನೀವು ದೂರ ಹೋಗಬೇಕಿಲ್ಲ, ಮಸ್ಕಿ ನಿಮ್ಮ ಪಕ್ಕದಲ್ಲೇ ಇದೆ. 1915ರಲ್ಲಿ ಇಲ್ಲಿನ ಬಂಡೆಶಾಸನ ಕಂಡವರು ಬಂಗಾರದ ಅದಿರು ಹುಡುಕುತ್ತಿದ್ದ ಇಂಜಿನಿಯರ್ ಬೀಡನ್. ಅಲ್ಲಿಯವರೆಗೆ ಸಿಕ್ಕ ಇದೇ ರಾಜನ ಶಾಸನಗಳಲ್ಲಿ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂದಷ್ಟೇ ಇತ್ತು. ಆ ರಾಜ ಅಶೋಕನೇ ಎಂದು ಗಟ್ಟಿಯಾದದ್ದು ನಮ್ಮೂರ ಬಂಡೆಯಿಂದ. ಹಟ್ಟಿ ಚಿನ್ನದ ಗಣಿಯಲ್ಲಿ ದುಡಿಯುವವರ ಮಕ್ಕಳಿದ್ದರೆ ಬಂಗಾರ ಎಂದಾಗಲೇ ಕಿವಿ ನಿಮಿರುತ್ತದೆ, ನೋಡಿ. ನಾನು ಮಕ್ಕಳನ್ನು ಕರೆದುಕೊಂಡು ಹೋಗುವ ಮುಂಚೆ ಆ ಬಂಡೆಯ ಮೇಲಿನ ‘ಅಸೋಕಸ’ (ಅಂದರೆ ‘ಅಶೋಕನ’) ಎಂಬ ನಾಲ್ಕು ಅಕ್ಷರಗಳನ್ನು ಆ ಕಾಲದ ಬ್ರಾಹ್ಮಿ ಲಿಪಿಯಲ್ಲೇ ಬೋರ್ಡಿನಲ್ಲಿ ಬರೆದಿದ್ದೆ. ಬ್ರಾಹ್ಮಿಯ ‘ಕ’ ನಮ್ಮ ಕೂಡಿಸುವ ಚಿಹ್ನೆಯ ಹಾಗೆಯೇ ಇರುತ್ತದೆ. ‘ಸರ್, ಅದು ಪ್ಲಸ್ಸಲ್ಲಾ!’ ಎಂದು ಕೂಗಿದವನು ದಿನಾ ಗೋಡೆಗೆ ಒರಗಿ ನಿದ್ದೆ ಮಾಡುತ್ತಿದ್ದ ಹುಡುಗ. ಒಂದೇ ವಾರದಲ್ಲಿ ಎಲ್ಲರ ನೋಟುಬುಕ್ಕಿನ ಮೇಲೂ ಬ್ರಾಹ್ಮಿಯಲ್ಲಿ ಹೆಸರು ಬಂತು. ಬರೆದುಕೊಟ್ಟವನು ಅವನೇ.
— ಶಿಕ್ಷಕ, ಮಸ್ಕಿ

ನಾ ಸಾಲಿ ಕಲ್ತಾಕಿ ಅಲ್ರೀ, ಮಗಳ ಕೈಲೆ ಬರಸಾಕತ್ತೀನಿ. ಸುಗ್ಗಿ ಮುಗದ ಮ್ಯಾಲ ನಾವು ಬೆಂಗಳೂರಿಗೆ ಗುಳೆ ಹೋಗತೀವಿ. ಹೋದ ವರ್ಷ ಮಗನ್ನೂ ಕರಕೊಂಡು ಹೋಗಿದ್ವಿ. ಅವನ ಸರ್ ವಾರಕ್ಕೊಮ್ಮೆ ಫೋನ್ ಹಚ್ಚಿ, ‘ಏನೇನ ನೋಡಿದಿ, ಬರದಿಡು, ಬಂದ ಮ್ಯಾಲ ಎಲ್ಲಾರಿಗೂ ಹೇಳಿವಂತಿ’ ಅಂತಿದ್ರು. ಇಂವ ಸಿಮೆಂಟ್ ಚೀಲದ ಕಾಗದ ಹರದು ಅದರ ಮ್ಯಾಲ ಬರೀತಿದ್ದ. ಒಂದ ಗ್ವಾಡಿಗೆ ಎಷ್ಟ ಇಟ್ಟಂಗಿ ಹತ್ತತಾವು, ಒಂದ ಚೀಲ ಸಿಮೆಂಟಿಗೆ ಎಷ್ಟ ಪುಟ್ಟಿ ಉಸುಕು ಹಾಕತಾರ, ಎಲ್ಲಾ. ಯುಗಾದಿಗೆ ಊರಿಗೆ ಬಂದಾಗ ಸರ್ ಒಂದ ಮಾತೂ ಬೈಲಿಲ್ಲ, ಆ ಕಾಗದ ಕ್ಲಾಸಿನಾಗ ಓದಿಸಿದ್ರಂತ. ಈ ವರ್ಷ ಗಂಟುಮೂಟಿ ಕಟ್ಟಾಗ, ‘ನಾ ಒಲ್ಲೆ, ನಂಗ ಸಾಲಿ ಐತಿ, ಅಜ್ಜಿ ಜೋಡಿ ಇಲ್ಲೇ ಇರತೀನಿ’ ಅಂದ. ನಮ್ಮತ್ತಿ ಹಂತ್ಯಾಕ ಬಿಟ್ಟು ಬಂದೀವಿ.
— ಒಬ್ಬ ತಾಯಿ, ಕುಷ್ಟಗಿ ತಾಲ್ಲೂಕು, ಕೊಪ್ಪಳ ಜಿಲ್ಲೆ