ಬೋರ್ ನೀರಿನ ಸುಣ್ಣ ಟಿಶ್ಯೂ ವಾಲ್ವಿಗೆ ಹತ್ತುತ್ತದೇನ್ರಿ?

ಸೇಡಂ_ಔಷಧ: ನಮ್ಮ ಭಾಗದಾಗ ನೆಲವೇ ಸುಣ್ಣಕಲ್ಲು. ಟಿಶ್ಯೂ ವಾಲ್ವ್, ಅಂದ್ರ ದನ-ಹಂದಿಯ ಅಂಗಾಂಶದಿಂದ ಮಾಡಿದ ಹೃದಯದ ಕವಾಟ, ಹಾಕಿಸಿಕೊಂಡವರು ಕೇಳೋದು ಒಂದೇ: ಬೋರ್ ನೀರು ಕುಡಿದ್ರ ವಾಲ್ವಿಗೆ ಸುಣ್ಣ ಹಿಡೀತದೇನ್ರಿ, ಹಾಲು, ಕ್ಯಾಲ್ಸಿಯಂ ಗುಳಿಗಿ ಬಿಡಬೇಕಾ? ನೀರಿನದಲ್ಲ ಅಂದ್ರ ಮತ್ತೆಲ್ಲಿಂದ? ಲೋಹದ ವಾಲ್ವಿಗ್ಯಾಕ ಹಿಂಗಾಗಲ್ಲ?

ಬೀದರ್_ಪೆರಿಕಾರ್ಡಿಯಂ: ಕೆಟಲ್‌ನಲ್ಲಿ ಕಟ್ಟೋ ಸುಣ್ಣದ ಹಾಗೆ ಹೊರಗಿನಿಂದ ಮೆತ್ತಿಕೊಳ್ಳೋದಲ್ಲ ಇದು, ಅಂಗಾಂಶದ ಒಳಗೇ ಹುಟ್ಟುತ್ತದೆ. ದನದ ಹೃದಯದ ಹೊರಪೊರೆ ಅಥವಾ ಹಂದಿಯ ವಾಲ್ವನ್ನು ಗ್ಲುಟರಾಲ್ಡಿಹೈಡ್ ಅನ್ನೋ ರಾಸಾಯನಿಕದಲ್ಲಿ ನೆನೆಸುತ್ತಾರೆ; ಒಂಥರಾ ತೊಗಲು ಹದ ಮಾಡಿದಂತೆ. ಕೊಲಾಜನ್ ಅನ್ನೋ ಪ್ರೋಟೀನಿನ ಎಳೆಗಳು ಬೆಸೆದುಕೊಂಡು ಗಟ್ಟಿಯಾಗುತ್ತವೆ, ಕೊಳೆಯೋದಿಲ್ಲ. ಆದರೆ ಜೀವಕೋಶಗಳು ಸತ್ತು ಅಲ್ಲೇ ಉಳಿದುಬಿಡುತ್ತವೆ. ಬದುಕಿರುವ ಕೋಶದೊಳಗಿನ ಕ್ಯಾಲ್ಸಿಯಂ ಹೊರಗಿಗಿಂತ ಸುಮಾರು 10,000 ಪಟ್ಟು ಕಡಿಮೆ, ಯಾಕಂದರೆ ಅದರ ಪಂಪು ಬಿಡದೆ ಹೊರಗೆ ದೂಡುತ್ತಿರುತ್ತದೆ. ಸತ್ತ ಕೋಶದಲ್ಲಿ ಪಂಪು ಬಂದ್. ಒಳನುಗ್ಗಿದ ಕ್ಯಾಲ್ಸಿಯಂ, ಕೋಶಪೊರೆಯ ಫಾಸ್ಫೊಲಿಪಿಡ್ ಅನ್ನೋ ಕೊಬ್ಬಿನಲ್ಲಿರುವ ರಂಜಕದ ಜೊತೆ ಸೇರಿ ಹರಳುಗಟ್ಟುತ್ತದೆ. ಮೂಳೆಯ ಖನಿಜದ ಜಾತಿಯೇ ಅದು. ಬೆಸೆಯದೆ ಉಳಿದ ಗ್ಲುಟರಾಲ್ಡಿಹೈಡ್‌ನ ಆಲ್ಡಿಹೈಡ್ ತುದಿಗಳೂ ಕ್ಯಾಲ್ಸಿಯಂ ಹಿಡಿಯುತ್ತವೆ. ಹಾಗಾಗಿಯೇ ಕೆಲವು ವಾಲ್ವ್‌ಗಳಲ್ಲಿ ಎಥನಾಲ್‌ನಿಂದ ಫಾಸ್ಫೊಲಿಪಿಡ್ ತೆಗೆಯುತ್ತಾರೆ, ಕೆಲವದರಲ್ಲಿ ಆ ತುದಿಗಳನ್ನು ಮುಚ್ಚಿ ಗ್ಲಿಸರಾಲ್ ಹಾಕಿ ಒಣಗಿಸಿಡುತ್ತಾರೆ. ಇದರಿಂದ ತಡವಾಗುತ್ತದೆ, ಅಷ್ಟೇ.

ಲೋಹದ್ದು ಅನ್ನೋ ವಾಲ್ವಿನ ಎಲೆ (ತೆರೆದು ಮುಚ್ಚುವ ಭಾಗ) ಹೆಚ್ಚಾಗಿ ಪೈರೋಲಿಟಿಕ್ ಕಾರ್ಬನ್, ಒಂಥರಾ ಗಟ್ಟಿ ಇಂಗಾಲ. ಸಾಯಲಿಕ್ಕೆ ಅದರಲ್ಲಿ ಕೋಶವೇ ಇಲ್ಲ. ಅದರ ಕಾಟ ರಕ್ತ ಹೆಪ್ಪುಗಟ್ಟೋದು, ಅದಕ್ಕೇ ಜೀವನಪೂರ್ತಿ ವಾರ್ಫರಿನ್, ಅಂದರೆ ರಕ್ತ ತೆಳುವಾಗಿಸೋ ಗುಳಿಗೆ.

ಎಕೋ_ಕಲಬುರಗಿ: ಮೇಲಿನವರು ಬಿಟ್ಟದ್ದು ಎಳೆದಾಟ. ವಾಲ್ವ್ ದಿನಕ್ಕೆ ಸುಮಾರು 1 ಲಕ್ಷ ಸಲ ಮಡಚಿ ಬಿಚ್ಚುತ್ತದೆ. ಎಲೆಗಳು ಹೆಚ್ಚು ಬಾಗುವ ಬುಡ ಮತ್ತು ಎರಡೆಲೆ ಕೂಡುವ ಮೂಲೆಯಲ್ಲೇ ಸುಣ್ಣ ಮೊದಲು ಕಾಣೋದು. ಮೈಟ್ರಲ್ ಜಾಗದಲ್ಲಿ (ಎಡ ಹೃತ್ಕರ್ಣ, ಎಡ ಕುಹರದ ನಡುವೆ) ಬೇಗ ಕೆಡುತ್ತದೆ, ಮುಚ್ಚಿದಾಗ ಕುಹರದ ಪೂರ್ತಿ ಒತ್ತಡ ಅದರ ಮೇಲೆಯೇ. ಎಲೆ ಬಿರುಸಾದರೆ ದಾರಿ ಕಿರಿದಾಗಿ ನಿಧಾನಕ್ಕೆ ದಮ್ಮು. ಸುಣ್ಣದ ಗಂಟಿನ ಪಕ್ಕ ಹರಿದರೆ ಸೋರಿಕೆ, ಅದು ಒಮ್ಮೊಮ್ಮೆ ದಿಢೀರ್ ಬರುತ್ತದೆ.

ಆಪರೇಷನ್ ಆದ 1–3 ತಿಂಗಳೊಳಗಿನ ಎಕೋ (ಹೃದಯದ ಅಲ್ಟ್ರಾಸೌಂಡ್) ರಿಪೋರ್ಟ್ ಕಳೆಯಬೇಡಿ. ಆಯೋರ್ಟಿಕ್ ವಾಲ್ವಿನ (ಎಡ ಕುಹರದಿಂದ ಮಹಾಧಮನಿಗೆ ಹೋಗುವ ದಾರಿಯದು) ಮೀನ್ ಗ್ರೇಡಿಯಂಟ್, ಅಂದರೆ ವಾಲ್ವಿನ ಎರಡೂ ಬದಿಯ ಒತ್ತಡದ ಸರಾಸರಿ ವ್ಯತ್ಯಾಸ, ಅದಕ್ಕಿಂತ 10 ಮಿ.ಮೀ. ಪಾದರಸ ಏರಿ 20 ಮುಟ್ಟಿದರೆ ಅನುಮಾನ. ಹಾಗಂತ ಸುಣ್ಣವೇ ಅನ್ನಬೇಡಿ: ರಕ್ತಹೀನತೆ, ಜ್ವರದಲ್ಲೂ ಏರುತ್ತದೆ, ಎಲೆ ಮೇಲೆ ಹೆಪ್ಪು ಕೂತರೂ ಏರುತ್ತದೆ, ಅದು ರಕ್ತ ತೆಳುವಾಗಿಸೋ ಔಷಧಕ್ಕೆ ಇಳಿಯಬಹುದು. ಸಿಟಿ ಸ್ಕ್ಯಾನ್ ಮಾಡಿದರೆ ತಿಳಿಯುತ್ತದೆ.

ಸೇಡಂ_ಔಷಧ: ಹಂಗಾದ್ರ ಹಾಲು, ಗುಳಿಗಿ?

ಬೀದರ್_ಪೆರಿಕಾರ್ಡಿಯಂ: ಹಾಲು ಕುಡೀಲಿ, ಬೋರ್ ನೀರೂ ಕುಡೀಲಿ. ರಕ್ತದ ಕ್ಯಾಲ್ಸಿಯಂ ಏರಹತ್ತಿದರೆ ಪ್ಯಾರಾಥೈರಾಯ್ಡ್ ಹಾರ್ಮೋನು (ಕುತ್ತಿಗೆಯ ಗ್ರಂಥಿಯದು) ಇಳಿದು ಅದನ್ನು ಹದಕ್ಕೆ ತರುತ್ತದೆ. ಡಾಕ್ಟರು ಬರೆದ ಗುಳಿಗಿ ತಾವೇ ಬಿಡೋದು ಬೇಡ. ಲೆಕ್ಕಕ್ಕೆ ಬರೋದು ಕಿಡ್ನಿ ಕೆಟ್ಟವರ ಮಾತು: ಫಾಸ್ಫೇಟ್, ಪ್ಯಾರಾಥೈರಾಯ್ಡ್ ಹಾರ್ಮೋನ್ ಎರಡೂ ಏರಿ ಸುಣ್ಣ ಬೇಗ ಕಟ್ಟುತ್ತದೆ. ಎಳೆಯ ವಯಸ್ಸಿನಲ್ಲೂ ಹಾಗೇ. 70ರವರಿಗೆ 15 ವರ್ಷ ಬಂದೀತು, 25ರವರಿಗೆ ಅಷ್ಟು ಬರೋದು ಕಷ್ಟ. ಆದರೂ ಬಸುರಾಗಬೇಕಾದ ಹೆಣ್ಣುಮಕ್ಕಳಿಗೆ ಟಿಶ್ಯೂ ಹಾಕೋದುಂಟು. ವಾರ್ಫರಿನ್ ಹೊಟ್ಟೆಯೊಳಗಿನ ಕೂಸಿಗೆ ಕೆಟ್ಟದ್ದು, ಎರಡನೇ ಆಪರೇಷನ್ ಬರುತ್ತದೆ ಅಂತ ಮೊದಲೇ ಹೇಳಿಯೇ ಹಾಕ್ತಾರ.